ಹಾಗ, ವೀಸ, ಶೇಕಡಾ: ಕನ್ನಡ ಮಕ್ಕಳ ವ್ಯವಹಾರಗಣಿತ

ಕನ್ನಡ ಸಾಹಿತ್ಯಚರಿತ್ರೆಗಳು ಚಂಪೂಕಾವ್ಯಗಳಿಗೆ ನೀಡಿದ ಸ್ಥಳವನ್ನು ಶಾಸ್ತ್ರಗ್ರಂಥಗಳಿಗೆ ನೀಡಿಲ್ಲ. ಅದರಲ್ಲಿಯೂ ಗಣಿತಗ್ರಂಥಗಳ ಪಾಡು ಒಂದೆರಡು ವಾಕ್ಯಗಳಲ್ಲಿಯೇ ಮುಗಿಯುವುದುಂಟು. 12ನೆಯ ಶತಮಾನದ ಜೈನಕವಿ ರಾಜಾದಿತ್ಯನ ಹೆಸರನ್ನು ಪರೀಕ್ಷೆಗಾಗಿ ನೆನಪಿಡುವ ವಿದ್ಯಾರ್ಥಿಗಳು ಅನೇಕರಿದ್ದಾರೆ. ಆದರೆ ಅವನ ‘ವ್ಯವಹಾರಗಣಿತ’ವು ಯಾರಿಗೆ, ಯಾವ ಉಪಯೋಗಕ್ಕೆ ರಚಿತವಾಯಿತೆಂಬ ಪ್ರಶ್ನೆಯನ್ನು ಕೇಳುವವರು ವಿರಳ. ಗ್ರಂಥದ ಹೆಸರೇ ಅರ್ಧ ಉತ್ತರವನ್ನು ಹೇಳುತ್ತದೆ. ಅದು ವ್ಯವಹಾರದ ಗಣಿತ. ಕೊಡುವುದು, ಕೊಳ್ಳುವುದು, ಅಳೆಯುವುದು, ಪಾಲು ಹಂಚುವುದು, ಬಡ್ಡಿ ಕಟ್ಟುವುದು ಅದರ ಲೋಕ.

ರಾಜಾದಿತ್ಯನಿಗಿಂತ ಸುಮಾರು ಮೂರು ಶತಮಾನ ಹಿಂದೆ, ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯನು ಸಂಸ್ಕೃತದಲ್ಲಿ ‘ಗಣಿತಸಾರಸಂಗ್ರಹ’ವನ್ನು ರಚಿಸಿದನು. ಕ್ರಿ.ಶ. 850ರ ಆಸುಪಾಸಿನ ಈ ಕೃತಿಯನ್ನು ಎಂ. ರಂಗಾಚಾರ್ಯರು 1912ರಲ್ಲಿ ಮದರಾಸಿನಿಂದ ಇಂಗ್ಲಿಷ್ ಅನುವಾದದೊಡನೆ ಪ್ರಕಟಿಸಿದರು. ಕನ್ನಡಾನುವಾದವನ್ನು ಪದ್ಮಾವತಮ್ಮನವರು ಸಿದ್ಧಪಡಿಸಿದರು. ಇದರಲ್ಲಿ ಭಿನ್ನರಾಶಿಗಳಿಗೆ ‘ಕಲಾಸವರ್ಣ’ವೆಂಬ ಪ್ರತ್ಯೇಕ ವ್ಯವಹಾರವೇ ಮೀಸಲಾಗಿದೆ. ಛೇದಗಳನ್ನು ಸಮಗೊಳಿಸಲು ಇಂದು ಲಘುತಮ ಸಾಮಾನ್ಯ ಅಪವರ್ತ್ಯವೆಂದು ಕಲಿಸುವುದನ್ನು ಮಹಾವೀರನು ‘ನಿರುದ್ಧ’ವೆಂದು ಕರೆದು ವಿಧಾನವನ್ನು ಹೇಳಿದ್ದಾನೆ. ಉದಾಹರಣೆಗಳಾದರೋ ಶುಂಠಿ, ಮೆಣಸುಗಳ ಬೆಲೆ, ಜಿನಪೂಜೆಗೆ ತಂದ ಹೂಹಣ್ಣುಗಳ ಹಂಚಿಕೆ. ಅಂಗಡಿಯಿಂದ ಬಸದಿಗೆ ಹೋಗುವ ದಾರಿಯಲ್ಲಿಯೇ ಇಡೀ ಅಧ್ಯಾಯ ನಡೆಯುತ್ತದೆಂದರೆ ತಪ್ಪಾಗದು.

ಇಲ್ಲೊಂದು ವಿಚಿತ್ರವನ್ನು ಗಮನಿಸಬೇಕು. ಇದೇ ಮಹಾವೀರನು ಒಂದು, ಹತ್ತು, ನೂರು ಎಂದು ಹತ್ತರ ಹೆಜ್ಜೆಯಲ್ಲಿ ಮೇಲೇರಿ ‘ಮಹಾಕ್ಷೋಭ’ದವರೆಗೆ 24 ಸ್ಥಾನಗಳನ್ನು ಹೆಸರಿಸುತ್ತಾನೆ. ಆದರೆ ಒಂದರಿಂದ ಕೆಳಗಿಳಿಯುವಾಗ ಈ ನಾಡು ಹತ್ತನ್ನು ಹಿಡಿಯಲಿಲ್ಲ, ನಾಲ್ಕನ್ನು ಹಿಡಿಯಿತು. ಪಣದ ಅರ್ಧ ಅಡ್ಡ, ಕಾಲು ಹಾಗ, ಹದಿನಾರನೆಯ ಒಂದು ಪಾಲು ವೀಸ. ಸೇರಿನ ಕಾಲು ಪಾವು, ಪಾವಿನ ಕಾಲು ಚಟಾಕು. ಕಾರಣವನ್ನು ಬಹಳ ದೂರ ಹುಡುಕಬೇಕಿಲ್ಲ. ಧಾನ್ಯದ ರಾಶಿಯನ್ನು ಕಣ್ಣಂದಾಜಿನಲ್ಲಿ ಅಥವಾ ತಕ್ಕಡಿಯಲ್ಲಿ ಎರಡು ಸಮಪಾಲು ಮಾಡುವುದು ಸುಲಭ. ಅದನ್ನು ಮತ್ತೊಮ್ಮೆ ಎರಡು ಮಾಡಿದರೆ ಕಾಲು. ಹತ್ತು ಸಮಪಾಲು ಮಾಡುವುದು ಯಾವ ರೈತನಿಗೂ ಯಾವ ಅಂಗಡಿಯವನಿಗೂ ಅಷ್ಟು ಸಲೀಸಲ್ಲ. ಯುರೋಪಿನಲ್ಲಿಯೂ ದಶಮಾಂಶ ಭಿನ್ನರಾಶಿಗಳನ್ನು ವರ್ತಕರಿಗೂ ಭೂಮಾಪಕರಿಗೂ ತಲುಪಿಸುವ ಕಿರುಹೊತ್ತಗೆಯನ್ನು ಸೈಮನ್ ಸ್ಟೆವಿನ್ ಬರೆದದ್ದು 1585ರಲ್ಲಿ. ಎಂದರೆ ದಶಮಾಂಶವು ಎಲ್ಲೆಡೆಯೂ ತಡವಾಗಿ ಬಂದ ಅತಿಥಿ.

ಈ ಭಿನ್ನರಾಶಿಗಳನ್ನು ಮಕ್ಕಳಿಗೆ ಹೇಗೆ ಕಲಿಸುತ್ತಿದ್ದರು? ಗ್ರಂಥಗಳು ಸೂತ್ರವನ್ನೂ ಉದಾಹರಣೆಯನ್ನೂ ಕೊಡುತ್ತವೆಯೇ ಹೊರತು ಜಗಲಿಯ ಮೇಲಿನ ಪಾಠವನ್ನು ವರ್ಣಿಸುವುದಿಲ್ಲ. ಆ ಚಿತ್ರ ದೊರೆಯುವುದು ಅನಿರೀಕ್ಷಿತ ಸ್ಥಳದಲ್ಲಿ. ಮದರಾಸು ಗವರ್ನರ್ ಥಾಮಸ್ ಮನ್ರೋ 1822ರಲ್ಲಿ ದೇಶೀಯ ಶಾಲೆಗಳ ವಿವರ ಕೇಳಿದಾಗ, ಬಳ್ಳಾರಿಯ ಕಲೆಕ್ಟರ್ ಎ.ಡಿ. ಕ್ಯಾಂಬೆಲ್ 1823ರ ಆಗಸ್ಟಿನಲ್ಲಿ ಒಂದು ವರದಿ ಕಳಿಸಿದನು. ಕನ್ನಡ, ತೆಲುಗುಗಳೆರಡೂ ನಡೆಯುತ್ತಿದ್ದ ಆ ಜಿಲ್ಲೆಯಲ್ಲಿ ಆಗ 533 ಶಾಲೆಗಳಿದ್ದವು, 6,641 ಮಕ್ಕಳಿದ್ದರು. ಧರ್ಮಪಾಲರು 1983ರಲ್ಲಿ ಹೊರತಂದ ‘ದಿ ಬ್ಯೂಟಿಫುಲ್ ಟ್ರೀ’ಯಲ್ಲಿ ಈ ವರದಿ ಪೂರ್ಣವಾಗಿ ಅಚ್ಚಾಗಿದೆ. ವಸಾಹತುಶಾಹಿ ದಾಖಲೆಯೆಂದು ಇದನ್ನು ಬದಿಗಿಡುವುದು ಅವಸರದ ತೀರ್ಮಾನವಾದೀತು. ಅಧಿಕಾರಿಯ ಕಣ್ಣು ಪರಕೀಯವಾದುದರಿಂದಲೇ, ಊರವರಿಗೆ ಹೇಳಬೇಕೆನ್ನಿಸದ ಸಂಗತಿಗಳು ಅವನಿಗೆ ಹೇಳಬೇಕೆನ್ನಿಸಿವೆ.

ಕ್ಯಾಂಬೆಲ್ಲನು ಕಂಡಂತೆ, ಮಗುವು ಮೊದಲು ಮರಳಿನಲ್ಲಿ ಅಕ್ಷರ ತಿದ್ದುತ್ತದೆ. ಬಳಿಕ ಕೂಡುವ ಮಗ್ಗಿ, ಹಣದ ಸಂಕಲನ ವ್ಯವಕಲನ, ಗುಣಾಕಾರ, ಹಣ ಮತ್ತು ಅಳತೆಗಳ ಪರಿವರ್ತನೆ. ಇದಾದ ಮೇಲೆ ಬರುವುದೇ ಭಿನ್ನರಾಶಿ. ಅದನ್ನು ಕಲಿಸಲು ಉಪಾಧ್ಯಾಯರು ಬಹಳ ಶ್ರಮ ವಹಿಸುತ್ತಾರೆಂದೂ, ಅವು ತನ್ನ ನಾಡಿನ ದಶಮಾಂಶಗಳಂತೆ ಹತ್ತರಿಂದ ಇಳಿಯದೆ ನಾಲ್ಕರಿಂದ ಇಳಿಯುತ್ತ ಬಹುದೂರ ಸಾಗುತ್ತವೆಂದೂ ಅವನು ಪ್ರತ್ಯೇಕವಾಗಿ ದಾಖಲಿಸಿದ್ದಾನೆ. ಧಾನ್ಯದ ಅಳತೆ, ತೂಕ, ಉದ್ದ ಈ ಮೂರರ ಕೋಷ್ಟಕಗಳೊಡನೆ ಭಿನ್ನರಾಶಿಗಳನ್ನೂ ದಿನಕ್ಕೆರಡು ಬಾರಿ ಸಾಲಾಗಿ ನಿಂತು, ಹಿರಿಯ ವಿದ್ಯಾರ್ಥಿ ಹೇಳಿಕೊಟ್ಟಂತೆ ಎಲ್ಲರೂ ಒಪ್ಪಿಸುತ್ತಿದ್ದರು. ಬಲ್ಲ ಹುಡುಗ ಅರಿಯದ ಹುಡುಗನಿಗೆ ಕಲಿಸುವ ಈ ಕ್ರಮವನ್ನು ಇಂಗ್ಲೆಂಡು ಅನುಕರಿಸಿದ್ದು ಯುಕ್ತವೇ ಎಂದು ಅವನ ಅಭಿಪ್ರಾಯ.

ಆದರೂ ಹೊಗಳಿಕೆಗೆ ಮಿತಿ ಬೇಕು. ಅದೇ ವರದಿಯ ಪ್ರಕಾರ ಮಕ್ಕಳು ಕಂಠಪಾಠ ಮಾಡುತ್ತಿದ್ದ ಕಾವ್ಯಗಳ ಅರ್ಥ ಅವರಿಗೆ ತಿಳಿಯುತ್ತಿರಲಿಲ್ಲ. 6,398 ಹಿಂದೂ ಮಕ್ಕಳಲ್ಲಿ ಹೆಣ್ಣುಮಕ್ಕಳ ಸಂಖ್ಯೆ ಕೇವಲ 60. ಪಾವು ಚಟಾಕುಗಳನ್ನು ದಿನವೂ ಕೈಯಲ್ಲಿ ಹಿಡಿದು ಅಳೆಯುತ್ತಿದ್ದವರನ್ನೇ ಜಗಲಿಯ ಪಾಠದಿಂದ ಹೊರಗಿಟ್ಟ ವಿದ್ಯೆ ಅದು.

ಶೇಕಡಾ ಲೆಕ್ಕದ ಕಥೆ ಬೇರೆ. ಅದರ ಬೇರಿರುವುದು ಬಡ್ಡಿಯಲ್ಲಿ. ಶ್ರವಣಬೆಳಗೊಳದ ಶಾಸನಗಳಲ್ಲಿ ಗೊಮ್ಮಟದೇವರ ಅಭಿಷೇಕದ ಹಾಲಿಗೆ, ಪೂಜೆಯ ಹೂವಿಗೆ ಗದ್ಯಾಣಗಳನ್ನು ಇಟ್ಟು ಅದರ ಬಡ್ಡಿಯಿಂದ ಸೇವೆ ನಡೆಸುವ ದತ್ತಿಗಳಿವೆ. ಅಸಲು ಕರಗಬಾರದು, ಹಾಲೂ ತಪ್ಪಬಾರದು. ಆ ಕಾಲದ ಬಡ್ಡಿಯನ್ನು ಹೊನ್ನಿಗೆ ತಿಂಗಳಿಗೆ ಇಷ್ಟು ಹಾಗವೆಂಬ ರೀತಿಯಲ್ಲಿ ಗೊತ್ತುಮಾಡುವುದುಂಟು. ಗದ್ಯಾಣಕ್ಕೆ 10 ಪಣ, ಪಣಕ್ಕೆ 4 ಹಾಗದ ಲೆಕ್ಕ ಹಿಡಿದರೆ ಹಾಗವು ಗದ್ಯಾಣದ 40ನೆಯ ಒಂದು ಪಾಲು. ಹೊನ್ನಿಗೆ ಒಂದು ಹಾಗವೆಂದರೆ 100 ಗದ್ಯಾಣಕ್ಕೆ ತಿಂಗಳಿಗೆ ಎರಡೂವರೆ ಗದ್ಯಾಣ, ವರ್ಷಕ್ಕೆ 30. ಇಂದಿನ ಮಾತಿನಲ್ಲಿ ಶೇಕಡಾ 30. ಶಾಸನವನ್ನು ಓದುವ ಸಂಶೋಧಕರು ಈ ಸಣ್ಣ ಲೆಕ್ಕವನ್ನು ಮಾಡದೆ ‘ಅಲ್ಪ ಬಡ್ಡಿ’ ಎಂದು ಬರೆದರೆ ಇತಿಹಾಸವೇ ತಲೆಕೆಳಗಾಗುತ್ತದೆ.

ಇಂತಹ ಲೆಕ್ಕಗಳಿಗೆ ಪ್ರಾಚೀನರು ಬಳಸಿದ ಉಪಾಯ ತ್ರೈರಾಶಿಕ. ಪ್ರಮಾಣ, ಫಲ, ಇಚ್ಛೆ ಎಂಬ ಮೂರು ರಾಶಿಗಳು. ಇಚ್ಛೆಯನ್ನು ಫಲದಿಂದ ಗುಣಿಸಿ ಪ್ರಮಾಣದಿಂದ ಭಾಗಿಸುವುದು. ಕಾಲವೂ ಸೇರಿಕೊಂಡರೆ ಪಂಚರಾಶಿಕ. ರಾಜಾದಿತ್ಯನು ಇವುಗಳ ಸಹಜ, ವ್ಯಸ್ತ ಭೇದಗಳನ್ನು ವಿಸ್ತರಿಸಿ, ಸೂತ್ರವನ್ನು ಪದ್ಯದಲ್ಲಿಟ್ಟು ವಿವರಣೆಯನ್ನು ಕನ್ನಡ ಗದ್ಯದಲ್ಲಿ ಕೊಟ್ಟನು. ಪದ್ಯ ನೆನಪಿಗೆ, ಗದ್ಯ ತಿಳಿವಿಗೆ ಎಂಬ ಈ ಹಂಚಿಕೆ ಒಬ್ಬ ಅಧ್ಯಾಪಕನದು. ಪಾಂಡಿತ್ಯ ಪ್ರದರ್ಶನ ಅವನ ಉದ್ದೇಶವಾಗಿದ್ದರೆ ಸಂಸ್ಕೃತ ಅವನಿಗೆ ದೂರವಿರಲಿಲ್ಲ. ಇಂದಿನ ಪಠ್ಯಗಳಲ್ಲಿ ಭಿನ್ನರಾಶಿ, ದಶಮಾಂಶ, ಶೇಕಡಾ ಎಂದು ಮೂರು ಬೇರೆ ಪಾಠಗಳಾಗಿ ಒಡೆದುಹೋದದ್ದು ಅಲ್ಲಿ ಒಂದೇ ಕೈಚಳಕವಾಗಿತ್ತು.

1957ರ ಏಪ್ರಿಲ್ 1ರಂದು ರೂಪಾಯಿ 100 ನಯಾಪೈಸೆಯಾಯಿತು. ಅದುವರೆಗೆ ರೂಪಾಯಿಗೆ 16 ಆಣೆ, ಆಣೆಗೆ 12 ಪೈ, ಒಟ್ಟು 192 ಪೈ. ಒಂದಾಣೆಯೆಂದರೆ ಆರೂಕಾಲು ನಯಾಪೈಸೆ. ಕಾಲು ಪೈಸೆಯ ನಾಣ್ಯವಿಲ್ಲ. ಆದಕಾರಣ ಒಂದಾಣೆಗೆ 6, ಎರಡಾಣೆಗೆ 12, ಮೂರಾಣೆಗೆ 19, ನಾಲ್ಕಾಣೆಗೆ 25 ಎಂದು ಸರ್ಕಾರಿ ಪಟ್ಟಿ ಹೊರಟಿತು. ಎರಡಾಣೆಯಲ್ಲಿ ಅರ್ಧ ಪೈಸೆ ಹೋಗಿ, ಮೂರಾಣೆಯಲ್ಲಿ ಕಾಲು ಪೈಸೆ ಹೆಚ್ಚಾಗಿ ಬಂತು. ಮಕ್ಕಳು ಅಂಗಡಿಗೆ ಹೋಗಿ ಬರುವಷ್ಟರಲ್ಲಿ ಇದೊಂದು ಭಿನ್ನರಾಶಿಯ ಪಾಠವಾಗುತ್ತಿತ್ತು. ಹೊಸ ಪದ್ಧತಿಯಿಂದ ಲೆಕ್ಕ ಹಗುರವಾಯಿತೆಂಬುದು ನಿಜ. ಆದರೆ ಹಳೆಯ ರೂಪಾಯಿಯನ್ನು ಮೂವರಿಗೆ 64 ಪೈಗಳಂತೆ ನಿಶ್ಶೇಷವಾಗಿ ಹಂಚಬಹುದಿತ್ತು; ಹೊಸದನ್ನು ಹಾಗೆ ಹಂಚಲಾಗದು. ‘ಹದಿನಾರಾಣೆ ಸತ್ಯ’ವೆಂಬ ಮಾತು ಮಾತ್ರ ನೂರು ಪೈಸೆಗೆ ಬದಲಾಗದೆ ಉಳಿಯಿತು.

ನಾಣ್ಯ ಬದಲಾದರೂ ಬಡ್ಡಿಯ ಭಾಷೆ ಬದಲಾಗಲಿಲ್ಲ. ಪಿರಿಯಾಪಟ್ಟಣ ತಾಲ್ಲೂಕಿನ ಹಾರನಹಳ್ಳಿ ಹೋಬಳಿಯಂತಹ ಹೊಗೆಸೊಪ್ಪಿನ ಸೀಮೆಯನ್ನೇ ನೋಡಬಹುದು. ನೆರೆಯ ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯಲ್ಲಿ ಮೂರನೆಯ ಮಂಗರಸನು ‘ಸೂಪಶಾಸ್ತ್ರ’ ಬರೆದದ್ದೂ, ಕೃಷ್ಣರಾಜನಗರದ ಕಡೆಯ ಹನಸೋಗೆಯಲ್ಲಿ ಜೈನಬಸದಿಗಳು ಬೆಳಗಿದ್ದೂ ಇದೇ ನೆರೆಹೊರೆಯಲ್ಲಿ. ಇಲ್ಲಿ ಗೊಬ್ಬರಕ್ಕೂ ಸೊಪ್ಪು ಬೇಯಿಸುವ ಸೌದೆಗೂ ಹಣ ಮೊದಲೇ ಬೇಕು. ಹರಾಜಿನ ಹಣ ಕೈಸೇರುವುದು ತಿಂಗಳುಗಳ ಬಳಿಕ. ಹಳ್ಳಿಗಳ ಕೈಸಾಲದಲ್ಲಿ ‘ನೂರಕ್ಕೆ ಮೂರು’ ಎಂದರೆ ತಿಂಗಳಿಗೆ ಮೂರು. ಶಾಲೆಯ ಪಠ್ಯದಲ್ಲಿ ‘ಶೇಕಡಾ 3’ ಎಂದರೆ ವರ್ಷಕ್ಕೆ ಮೂರು. ಎಂಟು ತಿಂಗಳಿಗೆ 40,000 ರೂಪಾಯಿ ತಂದ ಮನೆಯ ಮಗುವು ಪಠ್ಯದಂತೆ ಲೆಕ್ಕ ಹಾಕಿದರೆ ಬಡ್ಡಿ 800 ರೂಪಾಯಿ. ಸಾಲ ಕೊಟ್ಟವನ ಪುಸ್ತಕದಲ್ಲಿ ಅದು 9,600. ಎರಡೂ ಲೆಕ್ಕಗಳಲ್ಲಿ ಗುಣಾಕಾರ ಸರಿಯಾಗಿಯೇ ಇದೆ. ವ್ಯತ್ಯಾಸವಿರುವುದು ಪಂಚರಾಶಿಕದ ಕಾಲವೆಂಬ ರಾಶಿಯಲ್ಲಿ.