ಭಾರದ ಯಂತ್ರಕ್ಕೆ ಅಡಗುವ ಗಾಲಿ

ಮರಗೆಲಸದ ಯಂತ್ರಕ್ಕೆ ತೂಕವೇ ಗುಣ. ಟೇಬಲ್ ಸಾ, ಪ್ಲೇನರ್, ಬ್ಯಾಂಡ್ ಸಾಗಳ ಒಡಲನ್ನು ಬೀಡುಕಬ್ಬಿಣದಲ್ಲಿ ಎರೆಯುವುದು ಅಗ್ಗವೆಂಬ ಕಾರಣಕ್ಕೆ ಮಾತ್ರವಲ್ಲ. ಆ ಲೋಹದೊಳಗೆ ಹರಡಿರುವ ಗ್ರಾಫೈಟಿನ ಪದರಗಳು ಕಂಪನವನ್ನು ನುಂಗುತ್ತವೆ. ನಿಮಿಷಕ್ಕೆ ನಾಲ್ಕೈದು ಸಾವಿರ ಸುತ್ತು ತಿರುಗುವ ಅಲಗು ಮರದ ಗಂಟಿಗೆ ತಗುಲಿದಾಗ ಯಂತ್ರ ಕದಲದೆ ನಿಂತರೆ ಕೊಯ್ತ ನೇರ ಬರುತ್ತದೆ, ಕೆಲಸಗಾರನ ಬೆರಳೂ ಉಳಿಯುತ್ತದೆ. ಗಾಲಿಯ ಸ್ವಭಾವ ಇದಕ್ಕೆ ತೀರಾ ತದ್ವಿರುದ್ಧ: ಸ್ವಲ್ಪ ತಳ್ಳಿದರೂ ಅದು ಉರುಳಬೇಕು. ಈ ಎರಡೂ ಗುಣಗಳನ್ನು ಒಂದೇ ಯಂತ್ರಕ್ಕೆ, ಆದರೆ ಬೇರೆ ಬೇರೆ ಹೊತ್ತಿಗೆ ಒದಗಿಸುವ ಉಪಾಯವೇ ಅಡಗುವ ಕ್ಯಾಸ್ಟರ್. ಸಾಗಿಸುವಾಗ ಅದು ಕೆಳಗಿಳಿದು ಭಾರ ಹೊರುತ್ತದೆ. ಕೆಲಸದ ಹೊತ್ತಿಗೆ ಮೇಲೇರಿ, ಯಂತ್ರವನ್ನು ಅದರ ಕಾಲುಗಳ ಮೇಲೆಯೇ ನೆಲಕ್ಕೂರಿಸುತ್ತದೆ.

ಮರಗೆಲಸದ ಯಂತ್ರ ಈಗಿನ ರೂಪಕ್ಕೆ ಬಂದದ್ದು ಇಂಗ್ಲೆಂಡಿನ ಪೋರ್ಟ್ಸ್‌ಮತ್ ನೌಕಾಂಗಣದಲ್ಲಿ. ಹಾಯಿಹಡಗಿನ ಹಗ್ಗಗಳಿಗೆ ಬೇಕಾದ ಮರದ ಕಪ್ಪಿಗಳನ್ನು ತಯಾರಿಸಲು ಮಾರ್ಕ್ ಬ್ರುನೆಲ್ ಯಂತ್ರಗಳ ವಿನ್ಯಾಸ ಮಾಡಿದ, ಹೆನ್ರಿ ಮಾಡ್ಸ್‌ಲಿ ಅವನ್ನು ಕಟ್ಟಿಕೊಟ್ಟ. ಅಲ್ಲಿಯ ಕಾರ್ಯಾಗಾರಗಳ ಸುಧಾರಣೆಯ ಹೊಣೆ ಹೊತ್ತಿದ್ದ ಸ್ಯಾಮ್ಯುಯೆಲ್ ಬೆಂಥಮ್ ಅದಕ್ಕೂ ಮೊದಲೇ, 1790ರ ದಶಕದಲ್ಲಿ, ಮರ ಕೊಯ್ಯುವ ಮತ್ತು ಹೆರೆಯುವ ಯಂತ್ರಗಳಿಗೆ ಪೇಟೆಂಟ್ ಪಡೆದಿದ್ದ. ಒಟ್ಟು 45 ಯಂತ್ರಗಳು 1808ರಲ್ಲಿ ಸುಮಾರು 1,30,000 ಕಪ್ಪಿಗಳನ್ನು ತಯಾರಿಸಿದವು. ಹಿಂದೆ 110 ಕುಶಲಕರ್ಮಿಗಳು ಮಾಡುತ್ತಿದ್ದ ಕೆಲಸಕ್ಕೆ 10 ಜನ ಸಾಕಾದರು ಎಂಬುದು ಅಂದಿನ ಲೆಕ್ಕ. ಚರಿತ್ರೆಕಾರರು ಈ ಲೆಕ್ಕವನ್ನೇ ಹೆಚ್ಚಾಗಿ ಎತ್ತಿ ಹೇಳುತ್ತಾರೆ. ಯಂತ್ರಗಳು ಎಲ್ಲಿ ನಿಂತಿದ್ದವು, ಏಕೆ ಅಲ್ಲೇ ನಿಂತಿದ್ದವು ಎಂಬುದು ಅಷ್ಟಾಗಿ ಚರ್ಚೆಗೆ ಬಂದಿಲ್ಲ.

ಅವು ನಿಂತಿದ್ದದ್ದು ಶಕ್ತಿ ಸಿಗುವ ಕಡೆ. ಹಬೆಯ ಎಂಜಿನ್ನಿನಿಂದ ಹೊರಟ ಉದ್ದನೆಯ ಲೋಹದ ದಂಡವೊಂದು ಚಾವಣಿಗೆ ಸಮೀಪದಲ್ಲಿ ತಿರುಗುತ್ತಿತ್ತು; ಅದರ ಮೇಲಿನ ರಾಟೆಗಳಿಂದ ತೊಗಲಿನ ಪಟ್ಟಿಗಳು ಇಳಿದು ಒಂದೊಂದು ಯಂತ್ರವನ್ನೂ ತಿರುಗಿಸುತ್ತಿದ್ದವು. ಯಂತ್ರದ ರಾಟೆ ದಂಡದ ರಾಟೆಗೆ ನೇರವಾಗಿರಬೇಕಿತ್ತು, ಸರಿದರೆ ಪಟ್ಟಿ ಕಳಚಿ ಬೀಳುತ್ತಿತ್ತು. ಹೀಗಾಗಿ ಹತ್ತೊಂಬತ್ತನೆಯ ಶತಮಾನದ ಮರಗೆಲಸದ ಕಾರ್ಖಾನೆಯಲ್ಲಿ ಯಂತ್ರವನ್ನು ಇಟ್ಟಿಗೆ ಇಲ್ಲವೆ ಕಲ್ಲಿನ ಅಡಿಪಾಯಕ್ಕೆ ಬೋಲ್ಟು ಹಾಕಿ ಬಿಗಿಯುತ್ತಿದ್ದರು. ಅಲ್ಲಿ ಓಡಾಡುತ್ತಿದ್ದದ್ದು ಮರ, ಯಂತ್ರವಲ್ಲ. ಗಾಲಿ ಯಾರಿಗೂ ತಿಳಿಯದ ವಸ್ತುವೇನಾಗಿರಲಿಲ್ಲ, ಅದಕ್ಕೆ ಅಲ್ಲಿ ಕೆಲಸವಿರಲಿಲ್ಲ ಅಷ್ಟೆ.

ಈ ಕಟ್ಟು ಬಿಚ್ಚಿದ್ದು ವಿದ್ಯುತ್ ಮೋಟಾರು. ನಿಕೋಲಾ ಟೆಸ್ಲಾ ತನ್ನ ಇಂಡಕ್ಷನ್ ಮೋಟಾರಿಗೆ ಪೇಟೆಂಟ್ ಪಡೆದದ್ದು 1888ರಲ್ಲಿ. ಅಮೆರಿಕದ ಕಾರ್ಖಾನೆಗಳು ಬಳಸುತ್ತಿದ್ದ ಯಾಂತ್ರಿಕ ಶಕ್ತಿಯಲ್ಲಿ 1899ರಲ್ಲಿ ವಿದ್ಯುತ್ ಮೋಟಾರಿನ ಪಾಲು ಶೇ. 5ಕ್ಕಿಂತ ಕಡಿಮೆಯಿತ್ತು, 1929ರ ಹೊತ್ತಿಗೆ ಅದು ಶೇ. 75 ದಾಟಿತ್ತು. ಮೊದಮೊದಲು ಒಂದು ದೊಡ್ಡ ಮೋಟಾರು ಹಳೆಯ ದಂಡವನ್ನೇ ತಿರುಗಿಸುತ್ತಿತ್ತು. ಒಂದೊಂದು ಯಂತ್ರಕ್ಕೂ ಅದರದೇ ಮೋಟಾರು ಬಂದ ಮೇಲೆ ಯಂತ್ರವನ್ನು ಕೆಲಸದ ಸರದಿಗೆ ತಕ್ಕಂತೆ ಎಲ್ಲಿ ಬೇಕಾದರೂ ಇಡಬಹುದಾಯಿತು. ಇಡಬಹುದಾಯಿತು ನಿಜ, ಆದರೆ ದಿನದಿನವೂ ಸರಿಸುವ ಅಗತ್ಯ ದೊಡ್ಡ ಕಾರ್ಖಾನೆಗೆ ಬರಲಿಲ್ಲ. ವರ್ಷಕ್ಕೊಮ್ಮೆ ಸರಿಸಬೇಕಾದಾಗ ಹಾರೆಯಿಂದ ಮೀಟಿ, ಅಡಿಗೆ ಕಬ್ಬಿಣದ ಕೊಳವೆಗಳನ್ನು ತೂರಿಸಿ ಉರುಳಿಸಿಕೊಂಡು ಹೋದರೆ ಸಾಕಾಗುತ್ತಿತ್ತು.

ಕ್ಯಾಸ್ಟರಿನ ವಂಶ ಬೇರೆಯದು. ಅದು ಹುಟ್ಟಿ ಬೆಳೆದದ್ದು ಶ್ರೀಮಂತರ ದಿವಾನಖಾನೆಗಳಲ್ಲಿ. ಹದಿನೆಂಟನೆಯ ಶತಮಾನದ ಇಂಗ್ಲೆಂಡಿನಲ್ಲಿ ಮೇಜು, ಕುರ್ಚಿ, ಪಿಯಾನೋಗಳ ಕಾಲಿಗೆ ಮೊದಲು ತೊಗಲಿನ ಬಿಲ್ಲೆಗಳ ಗಾಲಿ, ಆಮೇಲೆ ಹಿತ್ತಾಳೆಯವು ಬಂದವು. ಅಮೆರಿಕದ ಡೇವಿಡ್ ಫಿಶರ್ 1876ರಲ್ಲಿ ಪೀಠೋಪಕರಣಗಳ ಕ್ಯಾಸ್ಟರಿಗೆ ಪೇಟೆಂಟ್ ಪಡೆದ. ಕ್ಯಾಸ್ಟರಿನ ವಿಶೇಷ ಇರುವುದು ಅದರ ತಿರುಗುವ ಕತ್ತಿನಲ್ಲಿ. ಕತ್ತಿನ ಕೀಲು ಗಾಲಿಯ ನೆತ್ತಿಗೆ ನೇರವಾಗಿರದೆ ಒಂದಿಷ್ಟು ಪಕ್ಕಕ್ಕಿರುತ್ತದೆ. ಆದ್ದರಿಂದ ವಸ್ತುವನ್ನು ಯಾವ ದಿಕ್ಕಿಗೆ ತಳ್ಳಿದರೂ ಗಾಲಿ ತಾನಾಗಿ ಸುತ್ತಿ ಅದರ ಹಿಂದೆ ಬರುತ್ತದೆ. ಈ ಅನುಕೂಲವಿಲ್ಲದ ಗಾಲಿಯ ಪಾಡನ್ನು ತಿಳಿಯಲು ನಮ್ಮ ಊರುಗಳ ತೇರನ್ನು ನೋಡಿದರೆ ಸಾಕು. ಅಚ್ಚಿಗೆ ಬಿಗಿದ ಚಕ್ರಗಳು ನೇರ ದಾರಿಯನ್ನಷ್ಟೇ ಬಲ್ಲವು. ರಥಬೀದಿಯ ತಿರುವಿನಲ್ಲಿ ಚಕ್ರದ ಅಡಿಗೆ ಬೆಣೆ ಕೊಟ್ಟು, ಹಿಂದಿನಿಂದ ಸನ್ನೆ ಹಾಕಿ, ಗೇಣುಗೇಣಾಗಿ ತೇರಿನ ಮುಖ ತಿರುಗಿಸಬೇಕು. ಅದೇ ಒಂದು ಪಳಗಿದ ವಿದ್ಯೆ.

ಬೇಕಾದಾಗ ಇಳಿದು ಬೇಡವಾದಾಗ ಏರುವ ಕ್ಯಾಸ್ಟರ್ ಮರಗೆಲಸದ ಮನೆಗೆ ಬರುವ ಮುನ್ನ ಕಚೇರಿಯಲ್ಲಿತ್ತು. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳ ಟೈಪ್‌ರೈಟರ್ ಸ್ಟ್ಯಾಂಡುಗಳಲ್ಲಿ ಗಾಲಿಗಳನ್ನು ಎತ್ತಿ ಇಳಿಸುವ ಸನ್ನೆಕೋಲು ಇರುತ್ತಿತ್ತು. ಟೈಪ್‌ರೈಟರ್ ಭಾರವೂ ಹೌದು, ಬಡಿತವೂ ಜೋರು. ಗಾಲಿಯ ಮೇಲೆಯೇ ನಿಂತಿದ್ದರೆ ಒಂದು ಪುಟ ಮುಗಿಯುವಷ್ಟರಲ್ಲಿ ಸ್ಟ್ಯಾಂಡು ಗುಮಾಸ್ತನಿಂದ ದೂರ ಸರಿಯುತ್ತಿತ್ತು. ಮರಗೆಲಸದ ಯಂತ್ರದ ಸಂಕಟವೂ ಇದೇ, ತೂಕ ಮಾತ್ರ ಹತ್ತು ಪಟ್ಟು.

ಆ ಸಂಕಟ ಎದುರಾದದ್ದು ಕಾರ್ಖಾನೆಯಲ್ಲಲ್ಲ, ಮನೆಯಲ್ಲಿ. ಮಿಲ್ವಾಕಿಯಲ್ಲಿ ಹರ್ಬರ್ಟ್ ಟೌಟ್ಜ್ 1919ರಲ್ಲಿ ಆರಂಭಿಸಿದ ಡೆಲ್ಟಾ ಕಂಪನಿ ಹವ್ಯಾಸಿಗಳಿಗೆಂದೇ ಚಿಕ್ಕ ಯಂತ್ರಗಳನ್ನು ಮಾರತೊಡಗಿತ್ತು. ಅದೇ ಕಂಪನಿ 1939ರಲ್ಲಿ ಹೊರತಂದ ಯುನಿಸಾ ಮಾತ್ರ ಚಿಕ್ಕದಲ್ಲ: 10 ಅಂಗುಲದ ಅಲಗು, ಮೋಟಾರನ್ನು ಹೊಟ್ಟೆಯೊಳಗೇ ಅಡಗಿಸಿಕೊಂಡ ಪೆಟ್ಟಿಗೆಯಂಥ ಒಡಲು, ಇನ್ನೂರು ಕಿಲೋ ಆಸುಪಾಸಿನ ತೂಕ. ಮಹಾಯುದ್ಧ ಮುಗಿದ ಮೇಲೆ ಅಮೆರಿಕದ ಉಪನಗರಗಳಲ್ಲಿ ಮನೆಗಳು ಸಾಲುಸಾಲಾಗಿ ಎದ್ದವು. 1947ರಲ್ಲಿ ಶುರುವಾದ ನ್ಯೂಯಾರ್ಕ್ ಬಳಿಯ ಲೆವಿಟೌನ್‌ನ ಮನೆಗಳಿಗೆ ನೆಲಮಾಳಿಗೆಯೇ ಇರಲಿಲ್ಲ, ಕಾಂಕ್ರೀಟ್ ಹಾಸಿನ ಮೇಲೆಯೇ ಗೋಡೆ. ಹವ್ಯಾಸಿಯ ಮರಗೆಲಸ ಕ್ರಮೇಣ ಕಾರಿನ ಗ್ಯಾರೇಜಿಗೆ ಬಂತು. ಹಗಲು ಗರಗಸ, ರಾತ್ರಿ ಕಾರು. ಕಾರಿಗೆ ಗಾಲಿಗಳಿದ್ದವು, ಜಾಗ ಬಿಡಬೇಕಾದ ಗರಗಸಕ್ಕೆ ಇರಲಿಲ್ಲ.

ಅದೇ 1947ರಲ್ಲಿ ಜರ್ಮನಿಯಿಂದ ವಲಸೆ ಬಂದಿದ್ದ ಹಾನ್ಸ್ ಗೋಲ್ಡ್‌ಸ್ಮಿಟ್ ಶಾಪ್‌ಸ್ಮಿತ್ ಎಂಬ ಯಂತ್ರವನ್ನು ಮಾರುಕಟ್ಟೆಗೆ ತಂದ. ಗರಗಸ, ಲೇತ್, ನಿಂತು ಕೊರೆಯುವ ಡ್ರಿಲ್, ಅಡ್ಡ ಕೊರೆಯುವ ಡ್ರಿಲ್, ಉಜ್ಜುಬಿಲ್ಲೆ, ಈ ಐದೂ ಒಂದೇ ಚೌಕಟ್ಟಿನಲ್ಲಿ. ನಾಲ್ಕು ಯಂತ್ರಗಳ ಜಾಗ ಉಳಿಸಿದ್ದೇ ಅದರ ಬಂಡವಾಳ. ಆದರೆ ಉಳಿದ ಆ ಒಂದು ಯಂತ್ರವನ್ನೂ ಗೋಡೆಯ ಪಕ್ಕಕ್ಕೆ ಒತ್ತಲೇಬೇಕಿತ್ತು. ಮುಂದೆ ಬಂದ ಮಾರ್ಕ್ 5 ಮಾದರಿಗೆ ಕಾಲಿನಿಂದ ಒತ್ತಿ ಇಳಿಸುವ ಕ್ಯಾಸ್ಟರುಗಳು ಸಿಗತೊಡಗಿದವು.

ಕಾಲಿನಿಂದ ಒತ್ತುವ ಈ ಬಗೆಯ ಮರ್ಮ ಸರಳ. ಗಾಲಿಯನ್ನು ಕೀಲಿರುವ ತೋಳೊಂದರ ತುದಿಗೆ ಸಿಕ್ಕಿಸಿರುತ್ತಾರೆ. ಪೆಡಲ್ ತುಳಿದಾಗ ತೋಳು ಯಂತ್ರದ ಅಡಿಗೆ ಬಾಗಿ, ನೇರ ನಿಂತು, ಆ ನೇರವನ್ನು ಕೂದಲೆಳೆಯಷ್ಟು ದಾಟಿ ತಡೆಗೆ ತಾಗುತ್ತದೆ. ದಾಟಿದ ಮೇಲೆ ಯಂತ್ರದ ಭಾರವೇ ತೋಳನ್ನು ತಡೆಗೆ ಅದುಮಿ ಹಿಡಿಯುತ್ತದೆ, ಬೇರೆ ಚಿಲಕ ಬೇಕಿಲ್ಲ. ಬಿಡಿಸಲು ಪಾದದಿಂದ ಒಂದು ಒದೆತ ಸಾಕು. ಗಾಲಿ ಮೇಲಕ್ಕೆ ಹಾರುತ್ತದೆ, ಯಂತ್ರ ಧಪ್ಪೆಂದು ಕೂರುತ್ತದೆ. ಆ ಧಪ್ಪಿಗೆ ಸೂಕ್ಷ್ಮವಾಗಿ ಹೊಂದಿಸಿದ ಅಲಗಿನ ಅಳತೆ ತಪ್ಪಬಹುದೆಂದು ಕೆಲವರು ಸ್ಕ್ರೂ ಜಾಕಿನ ಬಗೆಯನ್ನು ಆರಿಸಿಕೊಂಡರು. ಹಿಡಿಕೆ ತಿರುಗಿಸಿದಷ್ಟೂ ಯಂತ್ರ ನಿಧಾನವಾಗಿ ಏಳುತ್ತದೆ, ನಿಧಾನವಾಗಿ ಇಳಿಯುತ್ತದೆ, ತಾಳ್ಮೆ ಬೇಕು. ಇನ್ನೂ ಭಾರದ ಯಂತ್ರಗಳಿಗೆ ಪಾದದಿಂದ ಒತ್ತುವ ಎಣ್ಣೆಯ ಪಂಪು ಬಂತು.

ಆಸ್ಟ್ರಿಯಾದಲ್ಲಿ 1956ರಲ್ಲಿ ಶುರುವಾದ ಫೆಲ್ಡರ್ ಕಂಪನಿಯ ಯಂತ್ರಗಳಲ್ಲಿ ಕಾಣುವ ಬಗೆ ಬೇರೆ. ಯಂತ್ರದ ಒಂದು ತುದಿಯಡಿ ಅಚ್ಚಿಗೆ ಸಿಕ್ಕಿಸಿದ ಎರಡು ಗಾಲಿಗಳಿರುತ್ತವೆ. ಇನ್ನೊಂದು ತುದಿಗೆ ಗಾಲಿಯಿರುವ ಉದ್ದ ಹಿಡಿಕೆಯ ಸನ್ನೆಯೊಂದನ್ನು ತೂರಿಸಿ ಕೆಳಕ್ಕೆ ಒತ್ತಿದರೆ ಯಂತ್ರ ಏಳುತ್ತದೆ, ಹಿಡಿಕೆಯೇ ಚುಕ್ಕಾಣಿಯಾಗುತ್ತದೆ. ಕೆಲಸ ಮುಗಿದ ಮೇಲೆ ಸನ್ನೆಯನ್ನು ಕಿತ್ತು ಗೋಡೆಗೆ ಒರಗಿಸಬಹುದು. ಗಾಲಿಯನ್ನು ಅಡಗಿಸುವುದಕ್ಕಿಂತ ಒಂದು ತುದಿಯ ಗಾಲಿಯನ್ನು ಯಂತ್ರದಿಂದ ಹೊರಗೇ ಇಡುವ ಈ ಉಪಾಯ ಹೆಚ್ಚು ಜಾಣತನದ್ದು. ಅದರಲ್ಲಿ ಕೆಡುವ ಬಿಡಿಭಾಗಗಳು ಕಡಿಮೆ.

ಹವ್ಯಾಸಿಗಳು ಕ್ಯಾಸ್ಟರುಗಳನ್ನು ತಾವೇ ಜೋಡಿಸಿಕೊಳ್ಳುವ ರೂಢಿ 1970ರ ದಶಕದಿಂದ ಬಲಿಯಿತು. 1975ರಲ್ಲಿ ಹೊರಬಂದ ಫೈನ್ ವುಡ್‌ವರ್ಕಿಂಗ್‌ನಂಥ ಪತ್ರಿಕೆಗಳು ಕಾರ್ಯಾಗಾರದ ಇಂಥ ಯುಕ್ತಿಗಳನ್ನು ಓದುಗರಿಂದ ಓದುಗರಿಗೆ ದಾಟಿಸಿದವು. ಮುಂದಿನ ದಶಕದಲ್ಲಿ ತೈವಾನಿನ ಅಗ್ಗದ ಬೀಡುಕಬ್ಬಿಣದ ಯಂತ್ರಗಳು ಬಂದ ಮೇಲೆ ಚಿಕ್ಕ ಗ್ಯಾರೇಜಿನಲ್ಲೂ ಮೂರು ನಾಲ್ಕು ಭಾರದ ಯಂತ್ರಗಳು ಸೇರಿದವು. ಇಂಥ ಜೋಡಣೆಯಲ್ಲಿ ಪಳಗಿದವರು ಪಾಲಿಸುವ ಲೆಕ್ಕವೊಂದಿದೆ: ಗಾಲಿ ನಾಲ್ಕಿದ್ದರೂ ಭಾರವನ್ನು ಮೂರರಿಂದ ಭಾಗಿಸಬೇಕು. ನೆಲ ಎಲ್ಲೂ ಪೂರ್ತಿ ಸಮವಿರುವುದಿಲ್ಲ. ಯಾವುದೋ ಒಂದು ಗಾಲಿ ಗಾಳಿಯಲ್ಲಿದ್ದಾಗ ಉಳಿದ ಮೂರೇ ಹೊರಬೇಕು. 300 ಕಿಲೋ ಯಂತ್ರದ ಒಂದೊಂದು ಕ್ಯಾಸ್ಟರೂ 75 ಕಿಲೋ ಅಲ್ಲ, 100 ಕಿಲೋ ತಾಳಬೇಕು. ಬ್ಯಾಂಡ್ ಸಾದಂಥ ಎತ್ತರದ, ತಲೆಭಾರದ ಯಂತ್ರಕ್ಕೆ ಇನ್ನೂ ಒಂದು ಎಚ್ಚರ ಬೇಕು. ಗಾಲಿಗಳನ್ನು ಒಡಲಿನ ಅಂಚಿಗಿಂತ ಹೊರಕ್ಕೆ ಚಾಚಿ ಕೂರಿಸದಿದ್ದರೆ, ನೆಲದ ಒಂದು ಮರದ ಚೂರು ಗಾಲಿಗೆ ಸಿಕ್ಕಿದಾಗ ಇಡೀ ಯಂತ್ರ ಮುಗ್ಗರಿಸುತ್ತದೆ.

ಮರದ ಧೂಳು ಆರೋಗ್ಯಕ್ಕೆ ಹಾನಿ ಎಂಬುದು ಮನದಟ್ಟಾದ ಮೇಲೆ ಯಂತ್ರಕ್ಕೆ ಇನ್ನೊಂದು ಕಟ್ಟು ಬಿತ್ತು. ಧೂಳು ಹೀರುವ ದಪ್ಪ ಕೊಳವೆಗಳು ಚಾವಣಿಯುದ್ದಕ್ಕೂ ಹರಿದು, ಹಿಂದೆ ತೊಗಲಿನ ಪಟ್ಟಿ ಇಳಿಯುತ್ತಿದ್ದಂತೆಯೇ ಒಂದೊಂದು ಯಂತ್ರಕ್ಕೂ ಇಳಿದವು. ಗಾಲಿ ಕಟ್ಟಿಸಿಕೊಂಡ ಯಂತ್ರಗಳಿಗೆ ಈಗ ಬಾಗುವ ಕೊಳವೆ, ಕೈಯಿಂದ ಎಳೆದು ಕಳಚುವ ಜೋಡಣೆ, ಉದ್ದನೆಯ ವಿದ್ಯುತ್ ತಂತಿ ಇವೂ ಕ್ಯಾಸ್ಟರಿನ ಜೊತೆಗೇ ಬೇಕಾಗುತ್ತವೆ.