ಮಸೂದೆ ಹದಗೊಳ್ಳುವ ಕೋಣೆ

ಶಾಸಕಾಂಗ ಬೇರೆ, ಕಾರ್ಯಾಂಗ ಬೇರೆ, ನಡುವೆ ಗೋಡೆ ಇದೆ ಎಂಬ ಮಾತು ಪಠ್ಯಪುಸ್ತಕಗಳಿಂದ ಟಿವಿ ಚರ್ಚೆಗಳವರೆಗೆ ಹಬ್ಬಿದೆ. ಆ ಗೋಡೆ ಅಮೆರಿಕದ್ದು. ನಮ್ಮಲ್ಲಿ ಮಂತ್ರಿಗಳು ಸದನದೊಳಗೇ ಕೂರುತ್ತಾರೆ. ಸಂವಿಧಾನದ 75ನೇ ವಿಧಿಯಂತೆ ಮಂತ್ರಿಮಂಡಲ ಒಟ್ಟಾಗಿ ಲೋಕಸಭೆಗೆ ಹೊಣೆ. ಬಹುಮತವಿರುವ ಸರ್ಕಾರದ ಮಸೂದೆ ಸೋಲುವುದು ತೀರಾ ಅಪರೂಪ. ಹಾಗಾದರೆ ಅಂಕುಶ ಎಲ್ಲಿದೆ? ಮೂವತ್ತು ವರ್ಷ ಸಂಸದೀಯ ವರದಿಗಳನ್ನು ಓದುತ್ತ ಬಂದ ನನಗೆ ಅದು ಕಂಡದ್ದು ಸಮಿತಿಯ ಕೋಣೆಯಲ್ಲಿ.

ಸದನ ಸರ್ಕಾರವನ್ನು ಪ್ರಶ್ನಿಸುವ ಕಥೆಯ ಆರಂಭ ಚಿಕ್ಕದು. ದಿವಾನ್ ರಂಗಾಚಾರ್ಲು 1881ರಲ್ಲಿ ಕರೆದ ಮೈಸೂರು ಪ್ರಜಾಪ್ರತಿನಿಧಿ ಸಭೆ ಜನರ ಅಹವಾಲು ಹೇಳಬಹುದಿತ್ತು, ಕಾನೂನು ಮಾಡುವಂತಿರಲಿಲ್ಲ. ಬ್ರಿಟಿಷರ ಕೇಂದ್ರ ಶಾಸನಸಭೆಗೆ 1921ರಲ್ಲಿ ಸಾರ್ವಜನಿಕ ಲೆಕ್ಕಪತ್ರ ಸಮಿತಿ ಬಂತು. ಅಧ್ಯಕ್ಷತೆ ಮಾತ್ರ ಸರ್ಕಾರದ ಹಣಕಾಸು ಸದಸ್ಯನದೇ. ಲೆಕ್ಕ ಒಪ್ಪಿಸಬೇಕಾದವನೇ ಲೆಕ್ಕ ಕೇಳುವ ಆ ಪದ್ಧತಿ 1950ರಲ್ಲಿ ನಿಂತಿತು. ಅದೇ ವರ್ಷ, ಸರ್ಕಾರದ ಖರ್ಚಿನ ಅಂದಾಜುಗಳನ್ನು ನೋಡುವ ಅಂದಾಜು ಸಮಿತಿಯೂ ಹುಟ್ಟಿತು. 1967ರಲ್ಲಿ ಲೆಕ್ಕಪತ್ರ ಸಮಿತಿಯ ಅಧ್ಯಕ್ಷತೆ ವಿರೋಧಪಕ್ಷದ ಮೀನೂ ಮಸಾನಿ ಅವರಿಗೆ ಸಿಕ್ಕಿತು. ಇಷ್ಟಾದರೂ ಈ ಸಮಿತಿಗಳ ಕಣ್ಣು ಹಣದ ಮೇಲಿತ್ತು, ಮಸೂದೆಯ ಮೇಲಲ್ಲ.

ನಿಜವಾದ ತಿರುವು 1993ರದು. ಇಲಾಖೆಗಳಿಗೆ ಸಂಬಂಧಿಸಿದ, ಮಸೂದೆಗಳನ್ನೂ ಪರಿಶೀಲಿಸುವ 17 ಸ್ಥಾಯಿ ಸಮಿತಿಗಳು ಆಗ ಬಂದವು. 2004ರಲ್ಲಿ ಅವು 24 ಆದವು. ಒಂದೊಂದರಲ್ಲೂ 31 ಮಂದಿ, 21 ಜನ ಲೋಕಸಭೆಯಿಂದ, 10 ಜನ ರಾಜ್ಯಸಭೆಯಿಂದ. ಇದು ಏಕೆ ಮುಖ್ಯ? 1985ರ ಪಕ್ಷಾಂತರ ನಿಷೇಧ ಕಾನೂನು ಸದನದಲ್ಲಿ ಸದಸ್ಯರ ಕೈ ಕಟ್ಟಿಹಾಕಿತ್ತು. ಹೀಗೇ ಮತ ಹಾಕಿ ಎಂಬ ಪಕ್ಷದ ಆದೇಶವನ್ನು, ಅಂದರೆ ವಿಪ್ ಅನ್ನು, ಮೀರಿದರೆ ಸದಸ್ಯತ್ವವೇ ಹೋಗಬಹುದು. ಸಮಿತಿಯಲ್ಲಿ ವಿಪ್ ಇಲ್ಲ, ಕ್ಯಾಮೆರಾ ಇಲ್ಲ. ಆಳುವ ಪಕ್ಷದವರೂ ಇಲಾಖಾ ಕಾರ್ಯದರ್ಶಿಯನ್ನು ಕೂರಿಸಿಕೊಂಡು ಕಟುವಾಗಿ ಕೇಳಬಹುದು, ಒಪ್ಪದವರು ಭಿನ್ನಮತದ ಟಿಪ್ಪಣಿ ಬರೆಯಬಹುದು.

ಇದರ ಫಲ ನೋಡಬೇಕಾದರೆ ಮಾಹಿತಿ ಹಕ್ಕಿನ ಕಾನೂನನ್ನು ತೆಗೆದುಕೊಳ್ಳಿ. ಕರ್ನಾಟಕ 2000ದಲ್ಲೇ ತನ್ನದೊಂದು ಕಾನೂನು ಮಾಡಿಕೊಂಡಿತ್ತು. ಕೇಂದ್ರ 2004ರ ಡಿಸೆಂಬರಿನಲ್ಲಿ ತಂದ ಮಸೂದೆ ರಾಜ್ಯಗಳನ್ನು ಹೊರಗಿಟ್ಟಿತ್ತು. ಸ್ಥಾಯಿ ಸಮಿತಿ ಹೋರಾಟಗಾರರನ್ನು ಕರೆಸಿ ಕೇಳಿತು, ರಾಜ್ಯಗಳನ್ನೂ ಸೇರಿಸಿ ಎಂದಿತು. 2005ರ ಮೇನಲ್ಲಿ ಲೋಕಸಭೆ ಒಪ್ಪಿದ್ದು ನೂರಕ್ಕೂ ಹೆಚ್ಚು ತಿದ್ದುಪಡಿಗಳಾದ ಮಸೂದೆಯನ್ನು. ಇವತ್ತು ತಾಲ್ಲೂಕು ಕಚೇರಿಯಲ್ಲಿ ಹತ್ತು ರೂಪಾಯಿ ಕಟ್ಟಿ ಕಡತ ಕೇಳುವವರ ಕೈಯಲ್ಲಿ ಆ ಕೋಣೆಯ ಕೆಲಸವೂ ಇದೆ.

ಆದರೆ ಆ ಕೋಣೆಗೆ ಹೋಗುವ ಮಸೂದೆಗಳೇ ಕಡಿಮೆಯಾಗಿವೆ. 15ನೇ ಲೋಕಸಭೆಯ ಕಾಲದಲ್ಲಿ ಸುಮಾರು ಶೇ. 71ರಷ್ಟು ಮಸೂದೆಗಳು ಸಮಿತಿಗೆ ಹೋದವು. 17ನೆಯದರಲ್ಲಿ ಸುಮಾರು ಶೇ. 16. ನಿಯಮ ಇದಕ್ಕೆ ಅಡ್ಡ ಬರುವುದಿಲ್ಲ, ಕಳಿಸುವುದು ಕಡ್ಡಾಯವೇ ಅಲ್ಲ. ನಮ್ಮ ಬರಹಗಾರರೂ ಇದನ್ನು ಗಮನಿಸಿದ್ದು ಕಡಿಮೆ. ಕನ್ನಡದಲ್ಲಿ ಚುನಾವಣೆಯ, ಪಕ್ಷಾಂತರದ ಬಗ್ಗೆ ಬರಹಗಳ ರಾಶಿಯೇ ಇದೆ. ಮಸೂದೆಯೊಂದು ಹೇಗೆ ತಿದ್ದಲ್ಪಟ್ಟಿತು ಎಂದು ಸಾಲುಸಾಲಾಗಿ ಹಿಂಬಾಲಿಸಿದವರು ಸಿಗುವುದೇ ಕಷ್ಟ.

ಸಮಿತಿ ತಪ್ಪಿದರೆ ಏನಾಗುತ್ತದೆ ನೋಡಿ. 2020ರ ಸೆಪ್ಟೆಂಬರಿನಲ್ಲಿ ಕೃಷಿ ಮಸೂದೆಗಳನ್ನು, ನಿರ್ದಿಷ್ಟ ಮಸೂದೆಗೆಂದೇ ರಚಿಸುವ ಆಯ್ಕೆ ಸಮಿತಿಗೆ ಕಳಿಸಬೇಕೆಂಬ ಬೇಡಿಕೆ ರಾಜ್ಯಸಭೆಯಲ್ಲಿ ಧ್ವನಿಮತದಲ್ಲಿ ಬಿದ್ದುಹೋಯಿತು. ಮರುವರ್ಷದ ನವೆಂಬರಿನಲ್ಲಿ ಆ ಕಾನೂನುಗಳೇ ರದ್ದಾದವು, ಅದೂ ಚರ್ಚೆಯಿಲ್ಲದೆ. ದೆಹಲಿಯ ಗಡಿಯಲ್ಲಿ ವರ್ಷವಿಡೀ ಕೂತು ರೈತರು ಹೇಳಿದ್ದನ್ನು ಸಮಿತಿಯೊಂದು ಮೊದಲೇ ಸಾಕ್ಷ್ಯವಾಗಿ ಬರೆದುಕೊಳ್ಳಬಹುದಿತ್ತು.