ಅಲ್ಪವ್ಯಯದಲ್ಲಿ ಕುಸ್ಕೋ ನಗರದರ್ಶನ

“ದೇಶ ಸುತ್ತು, ಕೋಶ ಓದು” ಎಂಬ ಗಾದೆಯು ನಮ್ಮಲ್ಲಿ ಬಹುಕಾಲದಿಂದ ನಡೆದುಬಂದಿದೆ. ಕೋಶವನ್ನೋದುವುದಕ್ಕೆ ಹೆಚ್ಚಿನ ದ್ರವ್ಯವು ಬೇಕಾಗಿಲ್ಲ. ದೇಶವನ್ನು ಸುತ್ತುವುದು ಮಾತ್ರ ಧನಿಕರ ಕೆಲಸವೆಂಬ ಭಾವನೆಯು ಜನರಲ್ಲಿ ಬೇರೂರಿದೆ. ಅನೇಕ ನಗರಗಳ ವಿಷಯದಲ್ಲಿ ಈ ಭಾವನೆಯು ನಿಜವೇ. ಆದರೆ ದೇಶವೂ ಕೋಶವೂ ಒಂದೇ ಆಗಿ, ಬೀದಿಯ ಗೋಡೆಯೇ ಗ್ರಂಥದ ಪತ್ರವಾಗಿ ನಿಂತಿರುವ ಊರುಗಳೂ ಲೋಕದಲ್ಲಿ ಕೆಲವುಂಟು. ಅಂಥವುಗಳಲ್ಲಿ ದಕ್ಷಿಣ ಅಮೆರಿಕಾ ಖಂಡದ ಪೆರು ದೇಶದ ಕುಸ್ಕೋ ನಗರವು ಅಗ್ರಗಣ್ಯವಾದುದು. ಅಷ್ಟು ದೂರ ಹೋಗುವ ವೆಚ್ಚವು ಅಲ್ಪವೆಂದು ಯಾರೂ ಹೇಳಲಾರರು. ಆದರೆ ಹೋಗಿ ಸೇರಿದವನು ಅಲ್ಲಿ ನೋಡತಕ್ಕವುಗಳಲ್ಲಿ ಮುಖ್ಯವಾದುವನ್ನು ಕಾಸಿನ ಖರ್ಚಿಲ್ಲದೆಯೋ, ಅತ್ಯಲ್ಪವ್ಯಯದಿಂದಲೋ ನೋಡಬಹುದು. ಇದು ಹೇಗೆ ಸಂಭವಿಸಿತೆಂಬುದೇ ಒಂದು ಚರಿತ್ರೆ. ಅದನ್ನು ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ಕುಸ್ಕೋ ನಗರವು ಆಂಡೀಸ್ ಪರ್ವತಶ್ರೇಣಿಯ ನಡುವೆ, ಸಮುದ್ರಮಟ್ಟದಿಂದ ಸುಮಾರು ೩,೪೦೦ ಮೀಟರು, ಎಂದರೆ ೧೧,೦೦೦ ಅಡಿಗಳಿಗೂ ಮಿಕ್ಕ ಎತ್ತರದಲ್ಲಿದೆ. ಇಂಕರೆಂಬ ರಾಜವಂಶದವರಿಗೆ ಇದು ರಾಜಧಾನಿಯಾಗಿತ್ತು. ಸೂರ್ಯಪುತ್ರನಾದ ಮಾಂಕೋ ಕಪಾಕನು ಚಿನ್ನದ ದಂಡವೊಂದನ್ನು ಹಿಡಿದು ಬಂದು, ಅದು ಎಲ್ಲಿ ನೆಲದೊಳಕ್ಕೆ ಇಳಿಯಿತೋ ಅಲ್ಲಿ ಊರನ್ನು ಕಟ್ಟಿದನೆಂದು ಅವರ ಪುರಾಣವು ಹೇಳುತ್ತದೆ. ಹದಿನೈದನೆಯ ಶತಮಾನದಲ್ಲಿ ಪಚಕೂತಿ ಎಂಬ ಅರಸನು ಹಳೆಯ ಊರನ್ನು ಕಳೆದು, ಶಿಲಾಮಯವಾದ ಹೊಸ ನಗರವನ್ನು ನಿರ್ಮಿಸಿದನು. ಅವನ ಮತ್ತು ಅವನ ಮಗ ಮೊಮ್ಮಕ್ಕಳ ಕಾಲದಲ್ಲಿ ರಾಜ್ಯವು ಉತ್ತರದಲ್ಲಿ ಈಗಿನ ಈಕ್ವೆಡಾರ್ ದೇಶವನ್ನು ದಾಟಿ, ದಕ್ಷಿಣದಲ್ಲಿ ಚಿಲಿಯ ಮಧ್ಯಭಾಗದವರೆಗೆ ಹಬ್ಬಿತು. ಆ ರಾಜ್ಯಕ್ಕೆ ತವಂತಿನ್‌ಸುಯು, ಎಂದರೆ “ಕೂಡಿದ ನಾಲ್ಕು ದಿಕ್ಭಾಗಗಳು” ಎಂದು ಹೆಸರು. ನಾಲ್ಕು ಭಾಗಗಳ ರಾಜಮಾರ್ಗಗಳೂ ಕುಸ್ಕೋವಿನ ದೊಡ್ಡ ಚೌಕದಿಂದಲೇ ಹೊರಡುತ್ತಿದ್ದುವು. ಈ ಜನರಿಗೆ ಕಬ್ಬಿಣವು ತಿಳಿದಿರಲಿಲ್ಲ; ಗಾಲಿಯ ಬಂಡಿಯಿರಲಿಲ್ಲ; ನಮ್ಮಂತೆ ಅಕ್ಷರಗಳ ಬರವಣಿಗೆಯೂ ಇರಲಿಲ್ಲ. ಲೆಕ್ಕಪತ್ರಗಳನ್ನು ಹಗ್ಗದ ಗಂಟುಗಳಲ್ಲಿ ಇಡುತ್ತಿದ್ದರು. ಇಷ್ಟು ಇಲ್ಲದಿದ್ದರೂ ಅವರು ಕಟ್ಟಿದ್ದೇನೆಂಬುದನ್ನು ಮುಂದೆ ನೋಡೋಣ.

ಮೊದಲು ಚಿನ್ನದ ಕಥೆಯನ್ನು ಹೇಳಬೇಕಾಗಿದೆ. ಕ್ರಿ. ಶ. ೧೫೩೨ನೆಯ ನವೆಂಬರಿನಲ್ಲಿ ಸ್ಪೇನ್ ದೇಶದ ಫ್ರಾನ್ಸಿಸ್ಕೋ ಪಿಸಾರೋ ಎಂಬವನು ನೂರೆಪ್ಪತ್ತಕ್ಕೆ ಹೆಚ್ಚಿಲ್ಲದ ಪರಿವಾರದೊಡನೆ ಬಂದು, ಕಹಮಾರ್ಕ ಎಂಬ ಊರಿನಲ್ಲಿ ಇಂಕ ಅರಸನಾದ ಅತಹುಆಲ್ಪನನ್ನು ಸೆರೆಹಿಡಿದನು. ಬಿಡುಗಡೆಯ ಬೆಲೆಯಾಗಿ ಒಂದು ಕೊಠಡಿಯನ್ನು ಚಿನ್ನದಿಂದಲೂ, ಎರಡು ಸಲ ಬೆಳ್ಳಿಯಿಂದಲೂ ತುಂಬಿಸಿಕೊಡುವೆನೆಂದು ಅರಸನು ಒಪ್ಪಿದನು. ಕುಸ್ಕೋವಿನಲ್ಲಿ ಕೊರಿಕಾಂಚ, ಎಂದರೆ “ಸುವರ್ಣಪ್ರಾಕಾರ” ಎಂಬ ಸೂರ್ಯದೇವಾಲಯವಿತ್ತು. ಪಿಸಾರೋವಿನ ಜನರು ಅಲ್ಲಿಗೆ ಹೋಗಿ ಗೋಡೆಗಳಿಗೆ ಹೊದಿಸಿದ್ದ ಸುಮಾರು ೭೦೦ ಚಿನ್ನದ ತಗಡುಗಳನ್ನು ಕಿತ್ತು ತಂದರು. ಪಾತ್ರೆ, ಪ್ರತಿಮೆ, ಆಭರಣಗಳೆಲ್ಲವನ್ನೂ ಮೂಸೆಯಲ್ಲಿ ಕರಗಿಸಿ ಗಟ್ಟಿಮಾಡಿದಾಗ ಸುಮಾರು ೬,೦೦೦ ಕಿಲೋಗ್ರಾಂ ಚಿನ್ನವೂ ಅದರ ಇಮ್ಮಡಿಯಷ್ಟು ಬೆಳ್ಳಿಯೂ ಆದುವು. ಬೆಲೆಯನ್ನು ತೆತ್ತ ಮೇಲೆಯೂ ಅರಸನಿಗೆ ಬಿಡುಗಡೆಯಾಗಲಿಲ್ಲ. ೧೫೩೩ನೆಯ ಜುಲೈ ತಿಂಗಳಿನಲ್ಲಿ ಅವನನ್ನು ಕೊಂದರು. ಅದೇ ವರುಷದ ನವೆಂಬರಿನಲ್ಲಿ ಪಿಸಾರೋ ಕುಸ್ಕೋವನ್ನು ಪ್ರವೇಶಿಸಿದನು. ಅಲ್ಲಿ ಮಿಕ್ಕಿದ್ದ ಚಿನ್ನವೂ ಮೂಸೆಗೆ ಹೋಯಿತು. ಶಿಲ್ಪಿಗಳು ತಲೆಮಾರುಗಳಿಂದ ಮಾಡಿದ್ದ ಕೆಲಸವು ಕೆಲವೇ ತಿಂಗಳುಗಳಲ್ಲಿ ಲೋಹದ ತೂಕವಾಗಿ ಪರಿಣಮಿಸಿತು.

ಕಲ್ಲಿಗೆ ಈ ಅವಸ್ಥೆಯು ಬರಲಿಲ್ಲ. ಅದನ್ನು ಕರಗಿಸುವಂತಿರಲಿಲ್ಲ, ಹಡಗಿನಲ್ಲಿ ಹೇರಿ ಮಾರುವಂತಿರಲಿಲ್ಲ. ಹೊಸದಾಗಿ ಬಂದ ಒಡೆಯರು ಇಂಕರ ಅರಮನೆಗಳ ಮೇಲ್ಭಾಗವನ್ನು ಕೆಡವಿ, ಕೆಳಗಿನ ಗೋಡೆಗಳನ್ನೇ ಅಸ್ತಿಭಾರವಾಗಿ ಇಟ್ಟುಕೊಂಡು, ಅವುಗಳ ಮೇಲೆ ಸುಣ್ಣದ ಗೋಡೆಯ, ಹಂಚಿನ ಮಾಡಿನ ಮನೆಗಳನ್ನು ಕಟ್ಟಿಕೊಂಡರು. ಹೀಗೆ ಬೆಲೆಯುಳ್ಳದ್ದೆಲ್ಲ ಹೋಗಿ, ಮಾರಲಾಗದ್ದು ಬೀದಿಯಲ್ಲಿ ನಿಂತಿತು. ಇಂದು ಕೈಯಲ್ಲಿ ಹಣವಿಲ್ಲದ ಯಾತ್ರಿಕನಿಗೆ ಕುಸ್ಕೋ ತೆರೆದಿರುವುದಕ್ಕೆ ಇದೇ ಕಾರಣ.

ಯಾತ್ರಿಕನು ಮೊದಲನೆಯ ದಿನ ಹೆಚ್ಚು ನಡೆಯಬಾರದು. ಅಷ್ಟೆತ್ತರದಲ್ಲಿ ಗಾಳಿಯು ತೆಳುವಾದುದರಿಂದ ತಲೆನೋವು, ಓಕರಿಕೆ, ಉಬ್ಬಸಗಳು ಹಲವರಿಗೆ ಬರುತ್ತವೆ. ಅಲ್ಲಿಯ ಜನರು ಇದಕ್ಕಾಗಿ ಕೋಕಾ ಎಲೆಯ ಕಷಾಯವನ್ನು ಕೊಡುತ್ತಾರೆ. ಒಂದು ದಿನ ವಿಶ್ರಮಿಸಿ ಎರಡನೆಯ ದಿನ ಬೆಳಗಿನಲ್ಲಿ ದೊಡ್ಡ ಚೌಕದಿಂದ ಹೊರಟರೆ, ಲೊರೇತೋ ಎಂಬ ಇಕ್ಕಟ್ಟಾದ ಓಣಿಯು ಹತ್ತಿರದಲ್ಲೇ ಸಿಕ್ಕುತ್ತದೆ. ಅದರ ಎರಡು ಪಕ್ಕಗಳಲ್ಲಿಯೂ ಇಂಕರ ಗೋಡೆಗಳು. ಒಂದು ಪಕ್ಕದಲ್ಲಿದ್ದುದು ಸೂರ್ಯನ ಸೇವೆಗೆಂದು ಆರಿಸಿದ ಕನ್ಯೆಯರ ಮನೆ. ಈಗ ಅಲ್ಲಿ ಕ್ರೈಸ್ತ ಸನ್ಯಾಸಿನಿಯರ ಮಠವಿದೆ. ಅರಸರು ಬದಲಾದರೂ ಮನೆಯ ಧರ್ಮವು ಬದಲಾಗದೆ ಉಳಿದ ಈ ಬಗೆಯು ವಿಸ್ಮಯಕರವಾಗಿದೆ. ಚೌಕದ ಈಶಾನ್ಯಕ್ಕೆ ಹಾತುನ್ ರುಮಿಯೋಕ್ ಎಂಬ ಬೀದಿ. “ದೊಡ್ಡ ಕಲ್ಲುಳ್ಳದ್ದು” ಎಂದು ಆ ಹೆಸರಿನ ಅರ್ಥ. ಇಂಕ ರೋಕನ ಅರಮನೆಯೆಂದು ಪ್ರತೀತಿಯುಳ್ಳ ಆ ಗೋಡೆಯ ಮೇಲೆ ಈಗ ಆರ್ಚ್‌ಬಿಷಪ್ಪರ ಮನೆಯಿದೆ. ಗೋಡೆಯ ನಡುವೆ ಹನ್ನೆರಡು ಮೂಲೆಗಳುಳ್ಳ ಕಲ್ಲೊಂದಿದೆ. ಸುತ್ತಣ ಕಲ್ಲುಗಳೆಲ್ಲ ಆ ಹನ್ನೆರಡು ಮೂಲೆಗಳಿಗೂ ಗಾರೆಯಿಲ್ಲದೆ, ಸಂದು ಕಾಣದಂತೆ ಕೂಡಿಕೊಂಡಿವೆ. ಸ್ಥಾಲೀಪುಲಾಕನ್ಯಾಯದಂತೆ ಈ ಒಂದು ಕಲ್ಲನ್ನು ನೋಡಿದರೆ ಇಂಕರ ಶಿಲ್ಪವಿದ್ಯೆಯೆಲ್ಲ ತಿಳಿಯುವುದು.

ಕಬ್ಬಿಣವಿಲ್ಲದೆ ಇಂಥ ಕೆಲಸವು ಹೇಗೆ ಸಾಧ್ಯವಾಯಿತೆಂದು ವಾಚಕರು ಕೇಳಬಹುದು. ಗಡುಸಾದ ಉರುಟು ಕಲ್ಲುಗಳನ್ನೇ ಸುತ್ತಿಗೆಯಾಗಿ ಹಿಡಿದು, ಕುಟ್ಟಿ ಕುಟ್ಟಿ ರೂಪಕ್ಕೆ ತಂದು, ಒಂದರ ಮೇಲೊಂದನ್ನಿಟ್ಟು ನೋಡಿ ಮತ್ತೆ ಮತ್ತೆ ತಿದ್ದುತ್ತಿದ್ದರು. ಪ್ರೋಟ್ಜನ್ ಎಂಬ ವಾಸ್ತುಶಾಸ್ತ್ರಜ್ಞನು ೧೯೮೦ರ ದಶಕದಲ್ಲಿ ತಾನೇ ಹೀಗೆ ಕಲ್ಲನ್ನು ಕುಟ್ಟಿ ನೋಡಿ, ಇದಕ್ಕೆ ಮಂತ್ರತಂತ್ರಗಳು ಬೇಕಾಗಿಲ್ಲ, ತಾಳ್ಮೆಯೂ ಕೈಚಳಕವೂ ಸಾಕೆಂದು ತೋರಿಸಿದನು. ಗೋಡೆಗಳು ನೆಟ್ಟಗೆ ನಿಲ್ಲದೆ ಕೊಂಚ ಒಳಕ್ಕೆ ವಾಲಿಕೊಂಡಿವೆ. ಬಾಗಿಲುಗಳೂ ಗೂಡುಗಳೂ ಕೆಳಗೆ ಅಗಲವಾಗಿ ಮೇಲಕ್ಕೆ ಕಿರಿದಾಗಿವೆ. ಭೂಕಂಪಗಳು ಸಾಮಾನ್ಯವಾದ ಆ ಸೀಮೆಯಲ್ಲಿ ಇದರ ಪ್ರಯೋಜನವು ಎರಡು ಸಲ ಪ್ರತ್ಯಕ್ಷವಾಯಿತು. ೧೬೫೦ನೆಯ ಮಾರ್ಚಿ ೩೧ರಂದೂ, ೧೯೫೦ನೆಯ ಮೇ ೨೧ರಂದೂ ನೆಲವು ನಡುಗಿದಾಗ ಸ್ಪೇನಿನವರ ಕಟ್ಟಡಗಳು ಬಹಳವಾಗಿ ಬಿದ್ದುವು. ಕೆಳಗಿನ ಇಂಕರ ಗೋಡೆಗಳು ನಿಂತುವು. ಕೊರಿಕಾಂಚದ ಮೇಲೆ ಸಾಂತೋ ದೊಮಿಂಗೋ ಎಂಬ ಚರ್ಚನ್ನು ಕಟ್ಟಿದ್ದರಷ್ಟೆ. ೧೯೫೦ರಲ್ಲಿ ಅದರ ಭಾಗಗಳು ಕುಸಿದಾಗ ಮುಚ್ಚಿಹೋಗಿದ್ದ ಸೂರ್ಯದೇವಾಲಯದ ಗೋಡೆಗಳು ಬೆಳಕಿಗೆ ಬಂದುವು. ಒಳಗೆ ಹೋಗಲು ಶುಲ್ಕವನ್ನು ಕೊಡಬೇಕು. ಆದರೆ ಚರ್ಚಿನ ಕೆಳಗೆ ಬಿಲ್ಲಿನಂತೆ ಬಾಗಿ ನಿಂತಿರುವ ಪ್ರಸಿದ್ಧವಾದ ಗೋಡೆಯನ್ನು ಹೊರಗಿನ ರಸ್ತೆಯಿಂದಲೇ ಕಣ್ಣಾರೆ ನೋಡಬಹುದು.

ದೊಡ್ಡ ಚೌಕದಲ್ಲಿ ಒಂದು ಗಳಿಗೆ ಸುಮ್ಮನೆ ಕುಳಿತರೂ ಚರಿತ್ರೆಯು ಕಣ್ಣಿಗೆ ಕಟ್ಟುತ್ತದೆ. ಇಂಕರು ಈ ನೆಲದ ಮೇಲೆ ದೂರದ ಸಮುದ್ರತೀರದಿಂದ ತಂದ ಮರಳನ್ನು ಹಾಸಿದ್ದರು. ಹಬ್ಬಗಳಲ್ಲಿ ಗತಿಸಿದ ಅರಸರ ಕೆಡದಂತಿರಿಸಿದ ದೇಹಗಳನ್ನು ಇಲ್ಲಿಗೆ ಮೆರವಣಿಗೆಯಲ್ಲಿ ತಂದು ಕೂರಿಸುತ್ತಿದ್ದರು. ೧೫೭೨ರಲ್ಲಿ ಕಡೆಯ ಇಂಕ ಅರಸನಾದ ತುಪಾಕ್ ಅಮಾರುವಿನ ಶಿರಚ್ಛೇದವು ಇಲ್ಲಿಯೇ ನಡೆಯಿತು. ಅವನ ವಂಶದವನೆಂದು ಅದೇ ಹೆಸರನ್ನು ಧರಿಸಿ ದಂಗೆಯೆದ್ದ ನಾಯಕನನ್ನೂ, ಅವನ ಪತ್ನಿ ಮಿಕಾಯೇಲಾ ಬಾಸ್ತಿದಾಸಳನ್ನೂ ೧೭೮೧ನೆಯ ಮೇ ೧೮ರಂದು ಇದೇ ಚೌಕದಲ್ಲಿ ಕ್ರೂರವಾಗಿ ಕೊಂದರು. ತರುವಾಯ ಆಳುವವರು ಒಂದು ಪುಸ್ತಕವನ್ನೂ ನಿಷೇಧಿಸಿದರು. ಅದು ಗಾರ್ಸಿಲಾಸೋ ಎಂಬವನು ಇಂಕರ ವಿಷಯವಾಗಿ ಬರೆದು ೧೬೦೯ರಲ್ಲಿ ಪ್ರಕಟಿಸಿದ ಚರಿತ್ರೆ. ಇವನು ೧೫೩೯ರಲ್ಲಿ ಕುಸ್ಕೋವಿನಲ್ಲಿ ಹುಟ್ಟಿದವನು; ತಂದೆ ಸ್ಪೇನಿನ ದಳಪತಿ, ತಾಯಿ ಇಂಕ ರಾಜಕುಮಾರಿ. ಇಪ್ಪತ್ತೊಂದನೆಯ ವಯಸ್ಸಿನಲ್ಲಿ ಸ್ಪೇನಿಗೆ ಹೊರಡುವ ಮುಂಚೆ ತನ್ನ ತಾಯಿಯ ಪೂರ್ವಜರ ದೇಹಗಳನ್ನು ಅಧಿಕಾರಿಯೊಬ್ಬನ ಮನೆಯಲ್ಲಿ ನೋಡಿ, ಒಂದರ ಬೆರಳನ್ನು ಮುಟ್ಟಿದುದಾಗಿಯೂ, ಅದು ಮರದಂತೆ ಗಡುಸಾಗಿದ್ದುದಾಗಿಯೂ ಬರೆದಿದ್ದಾನೆ. ಅವನು ಮತ್ತೆ ಊರಿಗೆ ಮರಳಲೇ ಇಲ್ಲ. ಅಲ್ಲಿಯ ಬೀದಿಗಳನ್ನೂ ಕಟ್ಟಡಗಳನ್ನೂ ಮುದಿತನದಲ್ಲಿ ನೆನಪಿನಿಂದಲೇ ವರ್ಣಿಸಿದನು. ಒಂದು ಜನಾಂಗದ ಸ್ಮೃತಿಯು ಆಳುವವರಿಗೆ ಶಸ್ತ್ರದಷ್ಟೇ ಭಯಂಕರವಾಗಿ ತೋರಿತೆಂಬುದಕ್ಕೆ ಆ ನಿಷೇಧವೇ ಸಾಕ್ಷಿ. ಪುಸ್ತಕವನ್ನು ನಿಷೇಧಿಸಬಹುದಾಗಿತ್ತು, ಗೋಡೆಗಳನ್ನು ನಿಷೇಧಿಸುವ ಬಗೆಯು ಯಾರಿಗೂ ತೋಚಲಿಲ್ಲ.

ಚೌಕದಿಂದ ನೈಋತ್ಯಕ್ಕೆ ನಡೆದರೆ ೧೯೨೫ರಲ್ಲಿ ಕಟ್ಟಿದ ಸಾನ್ ಪೇದ್ರೋ ಮಾರುಕಟ್ಟೆಯು ಸಿಕ್ಕುತ್ತದೆ. ಊರಿನ ಸಾಮಾನ್ಯ ಜನರು ಉಣ್ಣುವುದು ಇಲ್ಲಿ; ಯಾತ್ರಿಕರ ಭೋಜನಶಾಲೆಗಳಿಗಿಂತ ಬಹು ಕಡಮೆ ಬೆಲೆಗೆ ಬಿಸಿಯಾದ ಸಾರೂ ಹಣ್ಣಿನ ರಸವೂ ದೊರೆಯುತ್ತವೆ. ನಾನಾ ಬಣ್ಣದ ಮೆಕ್ಕೆಜೋಳ, ನೂರಾರು ಬಗೆಯ ಆಲೂಗಡ್ಡೆಗಳನ್ನು ಇಲ್ಲಿ ನೋಡಬೇಕು. ನಮ್ಮ ಪಲ್ಯ ಹುಳಿಗಳಲ್ಲಿ ಮನೆಯ ಮಗುವಿನಂತಾಗಿರುವ ಆಲೂಗಡ್ಡೆಯ ತವರುಮನೆಯು ಈ ಆಂಡೀಸ್ ಸೀಮೆಯೇ. ರಾತ್ರಿಯ ಹಿಮದಲ್ಲಿ ಹೆಪ್ಪುಗಟ್ಟಿಸಿ, ಹಗಲು ಕಾಲಿನಿಂದ ತುಳಿದು ನೀರನ್ನು ಹಿಂಡಿ, ಬಿಸಿಲಿನಲ್ಲಿ ಒಣಗಿಸಿದ ಗೆಡ್ಡೆಗೆ ಚುನ್ಯೋ ಎಂದು ಹೆಸರು. ಅದು ವರುಷಗಟ್ಟಲೆ ಕೆಡದು. ಇಂಕರ ಕಣಜಗಳೂ ಸೇನೆಗಳೂ ಇದರ ಬಲದಿಂದ ನಿಂತಿದ್ದುವು. ಇದನ್ನು ಇಂದಿಗೂ ಮೂಟೆಯಲ್ಲಿಟ್ಟು ಮಾರುತ್ತಾರೆ.

ಊರಿನ ಹೊರಗಿನ ಸ್ಥಳಗಳಿಗೆ ಶುಲ್ಕವುಂಟು. ಆದರೆ ಸುತ್ತಣ ಅನೇಕ ಪ್ರಾಚೀನ ಸ್ಥಳಗಳಿಗೂ ಕೆಲವು ವಸ್ತುಸಂಗ್ರಹಾಲಯಗಳಿಗೂ ಸೇರಿ ಒಂದೇ ಟಿಕೀಟನ್ನು ಮಾರುತ್ತಾರೆ; ಅದು ಹಲವು ದಿನಗಳವರೆಗೆ ನಡೆಯುತ್ತದೆ. ಕೆಲವೇ ಸ್ಥಳಗಳನ್ನು ನೋಡುವವರಿಗೆ ಕಡಮೆ ಬೆಲೆಯ ಟಿಕೀಟೂ ಇದೆ. ೧೯೨೪ರಲ್ಲಿ ಸ್ಥಾಪಿತವಾದ ದೇಶೀಯ ಕಲಾಸಂಘದ ನೃತ್ಯಪ್ರದರ್ಶನವು ದೊಡ್ಡ ಟಿಕೀಟಿನಲ್ಲಿಯೇ ಸೇರಿದೆ. ಮಿತವ್ಯಯಿಗಳು ಸ್ಥಳದ ಜನರೊಡನೆ ಬಾಡಿಗೆಯ ವ್ಯಾನಿನಲ್ಲಿ ತಂಬೊಮಚಾಯ್ ಎಂಬ ನೀರ್ದಾಣದವರೆಗೆ ಹತ್ತಿ ಹೋಗಿ, ಅಲ್ಲಿಂದ ಕಾಲ್ನಡಿಗೆಯಲ್ಲಿ ಇಳಿಯುತ್ತ ಪುಕಪುಕಾರ, ಕೆಂಕೋ ಎಂಬ ಸ್ಥಳಗಳನ್ನು ನೋಡಿಕೊಂಡು, ಕಡೆಯಲ್ಲಿ ಸಕ್ಸಾಯ್‌ವಮನ್ ಎಂಬ ಮಹಾದುರ್ಗಕ್ಕೆ ಬರುತ್ತಾರೆ. ಇಳಿಯುವ ದಾರಿಯಾದುದರಿಂದ ಉಬ್ಬಸವೂ ಕಡಮೆ. ಗರಗಸದ ಹಲ್ಲಿನಂತೆ ಮೂರು ಸಾಲಾಗಿ ಮಡಿದು ನಿಂತ ಅಲ್ಲಿಯ ಗೋಡೆಗಳಲ್ಲಿ ನೂರು ಟನ್ನಿಗೂ ಮಿಕ್ಕ ತೂಕದ ಕಲ್ಲುಗಳಿವೆ. ೧೫೩೬ರಲ್ಲಿ ಮಾಂಕೋ ಇಂಕನು ಸ್ಪೇನಿನವರನ್ನು ಮುತ್ತಿದಾಗ ಈ ದುರ್ಗಕ್ಕಾಗಿ ಘೋರಯುದ್ಧವಾಗಿ, ಪಿಸಾರೋವಿನ ಸೋದರನಾದ ಹುಆನನು ಸತ್ತನು. ತರುವಾಯ ಸಾಗಿಸಬಹುದಾದ ಕಲ್ಲುಗಳನ್ನೆಲ್ಲ ಊರಿನ ಚರ್ಚು ಮನೆಗಳಿಗೆ ಒಯ್ದರು. ಉಳಿದಿರುವುವು ಹೊರಲಾಗದವುಗಳು ಮಾತ್ರ.

ಹಬ್ಬಗಳೂ ಹೀಗೆಯೇ ಎಲ್ಲರವು. ೧೬೫೦ರ ಭೂಕಂಪದ ನೆನಪಿನೊಡನೆ ಹೆಣೆದುಕೊಂಡಿರುವ ಕಪ್ಪುಬಣ್ಣದ ಕ್ರಿಸ್ತಮೂರ್ತಿಯ ಉತ್ಸವವು ಈಸ್ಟರಿನ ಹಿಂದಣ ಸೋಮವಾರ ನಡೆಯುತ್ತದೆ; ಜನರು ಕೆಂಪು ಹೂಗಳನ್ನು ಸುರಿಸುತ್ತಾರೆ. ಕಾರ್ಪಸ್ ಕ್ರಿಸ್ತಿ ಹಬ್ಬದಲ್ಲಿ ಹದಿನೈದು ಸಂತರ ಮತ್ತು ಮಾತೆಯರ ಮೂರ್ತಿಗಳು ಚೌಕಕ್ಕೆ ಬರುತ್ತವೆ. ಹಿಂದೆ ಅರಸರ ದೇಹಗಳು ಬರುತ್ತಿದ್ದ ದಾರಿಯಲ್ಲಿ ಈಗ ಸಂತರು ಬರುತ್ತಿದ್ದಾರೆಂದು ಚರಿತ್ರಕಾರರು ಗುರುತಿಸಿದ್ದಾರೆ. ಸ್ಪೇನಿನವರು ನಿಲ್ಲಿಸಿದ್ದ ಇಂತಿ ರಾಯ್ಮಿ ಎಂಬ ಸೂರ್ಯೋತ್ಸವವನ್ನು ಊರಿನ ವಿದ್ವಾಂಸರು ೧೯೪೪ರಲ್ಲಿ ಪುನಃ ಆರಂಭಿಸಿದರು. ಜೂನ್ ೨೪ರಂದು ಅದು ನಡೆಯುತ್ತದೆ. ದುರ್ಗದಲ್ಲಿ ಆಸನಗಳಿಗೆ ಬೆಲೆಯುಂಟು. ಊರಿನ ಬಡವರು ಬುತ್ತಿಯೊಡನೆ ಸುತ್ತಣ ಗುಡ್ಡಗಳ ಮೇಲೆ ಕುಳಿತು ಬಿಟ್ಟಿಯಾಗಿ ನೋಡುತ್ತಾರೆ.

ಆದರೆ ಬೆಲೆಯಿಲ್ಲದ ವಸ್ತುವಿಗೆ ಕಾವಲೂ ಕಡಮೆಯಾಗಿರುವುದು ಲೋಕಸ್ವಭಾವ. ಯುನೆಸ್ಕೋ ಸಂಸ್ಥೆಯು ೧೯೮೩ರಲ್ಲಿ ಈ ನಗರವನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಆ ಮೇಲೆಯೂ ಸಫಿ ಎಂಬ ಬೀದಿಯಲ್ಲಿ ಬಹು ಅಂತಸ್ತಿನ ಹೋಟೆಲೊಂದನ್ನು ಎಬ್ಬಿಸುವುದಕ್ಕಾಗಿ ಇಂಕರ ಗೋಡೆಗಳನ್ನು ನಾಶಮಾಡಿದರು. ೨೦೧೯ರಲ್ಲಿ ನ್ಯಾಯಾಲಯವು ಆ ಕಟ್ಟಡವನ್ನು ಕೆಡವಬೇಕೆಂದು ತೀರ್ಪನ್ನಿತ್ತಿತು. ೨೦೨೫ನೆಯ ಫೆಬ್ರವರಿಯಲ್ಲಿ ಒಬ್ಬನು ರಾತ್ರಿಯಲ್ಲಿ ಬಂದು ಹನ್ನೆರಡು ಮೂಲೆಯ ಕಲ್ಲನ್ನೇ ಹೊಡೆದು ಚಕ್ಕೆಯೆಬ್ಬಿಸಿದನು. ಎರಡು ಭೂಕಂಪಗಳನ್ನು ಸಹಿಸಿದ ಕಲ್ಲು ಒಬ್ಬ ಮನುಷ್ಯನ ಕೈಯಿಂದ ಗಾಯಗೊಂಡಿತು. ಮುರಿದ ಗೋಡೆಯನ್ನು ತೀರ್ಪು ಮತ್ತೆ ಕಟ್ಟಲಾರದು. ಒಡೆದ ಅಂಚನ್ನು ಯಾವ ದಂಡವೂ ಕೂಡಿಸಲಾರದು.

ಆದುದರಿಂದ ಅಲ್ಪವ್ಯಯದಲ್ಲಿ ನೋಡುವುದೆಂದರೆ ಋಣವಿಲ್ಲದೆ ನೋಡುವುದೆಂದು ಯಾರೂ ತಿಳಿಯಬಾರದು. ಬಾಗಿಲಿನಲ್ಲಿ ಶುಲ್ಕವನ್ನು ಕೊಡದವನು ಮರ್ಯಾದೆಯನ್ನಾದರೂ ಕೊಡಬೇಕು: ಗೋಡೆಯನ್ನು ಮುಟ್ಟದೆ ನೋಡುವುದು, ನೆಯ್ದ ಬಟ್ಟೆಯನ್ನು ಕೊಳ್ಳುವುದಾದರೆ ನೆಯ್ದವಳ ಕೈಯಿಂದಲೇ ನ್ಯಾಯವಾದ ಬೆಲೆಗೆ ಕೊಳ್ಳುವುದು, ಉಣ್ಣುವುದಾದರೆ ಊರಿನವರ ನಡುವೆ ಕುಳಿತು ಉಣ್ಣುವುದು. ಚಿನ್ನವನ್ನು ನೋಡಿದವರು ಅದರ ತೂಕವನ್ನು ಮಾತ್ರ ನೋಡಿ ಕರಗಿಸಿದರು. ಕಲ್ಲನ್ನು ನೋಡುವವರಲ್ಲಿ ಆ ದೃಷ್ಟಿಯು ಬಾರದಿದ್ದರೆ, ನಮ್ಮ ಮೊಮ್ಮಕ್ಕಳಲ್ಲಿ ಯಾರಾದರೊಬ್ಬರು ಆ ಓಣಿಯಲ್ಲಿ ಹಾದುಹೋಗುವಾಗಲೂ ಅಲ್ಲಿ ಓದುವುದಕ್ಕೆ ಪುಟಗಳಿರುತ್ತವೆ.